ಮ್ಯಾಟು ತೆಗೆದಿಟ್ಟ ಗಾಡಿಗಳು

ಅದಿರಿನ ಲಾರಿಗಳು ಸಾಲುಗಟ್ಟಿ ಓಡುತ್ತಿದ್ದ ಆ ವರ್ಷಗಳಲ್ಲಿ ನೀವು ಹೊಸಪೇಟೆಯ ಕಡೆ ಬೆಳೆದವರಾಗಿದ್ದರೆ ಆ ಕೆಂಪು ನಿಮಗೆ ನೆನಪಿರುತ್ತದೆ. ಸಂಡೂರು ರಸ್ತೆಯ ಬೇವಿನ ಮರಗಳು ಕೆಂಪು, ಹಗ್ಗದ ಮೇಲೆ ಒಣಹಾಕಿದ ಪಂಚೆ ಕೆಂಪು, ಮೂಗು ಒರೆಸಿಕೊಂಡ ಕರವಸ್ತ್ರ ಕೆಂಪು. ಬೆಳಿಗ್ಗೆ ಗುಡಿಸಿದ ಅಂಗಳದಲ್ಲಿ ಮಧ್ಯಾಹ್ನಕ್ಕೆ ಹೆಜ್ಜೆ ಮೂಡುತ್ತಿತ್ತು. ದೊಡ್ಡವರು ಬೈಯುತ್ತಿದ್ದರು. ಮಕ್ಕಳಾದ ನಮಗೆ ಧೂಳೆಂದರೆ ಎಲ್ಲ ಊರಲ್ಲೂ ಅದೇ ಬಣ್ಣ ಎಂಬ ನಂಬಿಕೆಯಿತ್ತು.

ನಮ್ಮಪ್ಪನ ಅಂಗಡಿ ಆ ರಸ್ತೆಯ ಮೇಲೇ ಇತ್ತು. ಮುಂದೆ ತಗಡಿನ ಚಪ್ಪರ, ಒಳಗೊಂದು ಮೇಜು, ಗೋಡೆಯ ಮೊಳೆಗಳಿಗೆ ಬಣ್ಣಬಣ್ಣದ ವೈರಿನ ಸುರುಳಿ. ಗಾಡಿಗಳ ಕರೆಂಟಿನ ಕೆಲಸ ಅಪ್ಪನದು. ಇಂಜಿನ್ನಿಗೆ ಕೈ ಹಚ್ಚುತ್ತಿರಲಿಲ್ಲ. ಲೈಟು, ಹಾರ್ನು, ವೈಪರು, ಗಾಜು ಏರಿಸುವ ಮೋಟಾರು, ಇಷ್ಟೇ ಅವನ ಲೋಕ. ಬೆಸುಗೆ ಹಾಕುವಾಗಿನ ರಾಳದ ಹೊಗೆ, ಬ್ಯಾಟರಿಯ ಹುಳಿ ವಾಸನೆ, ಪಕ್ಕದ ಬಸಣ್ಣನ ಹೋಟೆಲಿನಿಂದ ಬರುವ ಒಗ್ಗರಣಿ ಮಿರ್ಚಿಯ ಘಾಟು, ಈ ಮೂರೂ ಕೂಡಿದರೆ ನನಗೆ ಇವತ್ತಿಗೂ ಬೇಸಿಗೆ ರಜೆ.

ಆಗ ಊರಲ್ಲಿ ಹೊಸ ಹಣ ಹರಿಯುತ್ತಿತ್ತು. ನಿನ್ನೆ ಸೈಕಲ್ ತುಳಿದವರು ಇವತ್ತು ಕಾರು ತರುತ್ತಿದ್ದರು. ತಂದ ಕಾರಿಗೆ ಪೂಜೆಯಾಗುವ ಮೊದಲೇ ಮುಂದೆ ಎರಡು ದೊಡ್ಡ ದೀಪ, ಒಳಗೆ ನೀಲಿ ಬೆಳಕು, ಹಿಂದೆ ಸರಿದರೆ ಹಾಡುವ ಪೆಟ್ಟಿಗೆ ಹಾಕಿಸಬೇಕು. ಲಾರಿಯವರಿಗಂತೂ ಗಾಳಿ ಹಾರ್ನಿನ ಹುಚ್ಚು. ನನ್ನ ಹಾರ್ನು ನಿನ್ನದಕ್ಕಿಂತ ಜೋರು ಎಂಬ ಪೈಪೋಟಿ. ಅಪ್ಪ ಇಡೀ ದಿನ ಲಾರಿಯ ಮೂತಿಯೊಳಗೆ ತಲೆ ಇಟ್ಟು ಹಾರ್ನು ಕಟ್ಟುತ್ತಿದ್ದ, ಕಟ್ಟಿ ಒತ್ತಿಸಿ ನೋಡುತ್ತಿದ್ದ. ಕೆಲಸಕ್ಕೆ ಹುಡುಗರು ನಿಲ್ಲುತ್ತಿರಲಿಲ್ಲ. ವೈರು ಸುಲಿಯುವುದನ್ನು ಕಲಿಯುವಷ್ಟರಲ್ಲಿ ಯಾವುದೋ ಲಾರಿಗೆ ಕ್ಲೀನರಾಗಿ ಹತ್ತಿ ಹೋಗಿಬಿಡುತ್ತಿದ್ದರು. ಹೀಗಾಗಿ ರಜೆ ಬಂತೆಂದರೆ ಅಪ್ಪ ನನ್ನನ್ನು ಅಂಗಡಿಗೆ ಕರೆದೊಯ್ಯುತ್ತಿದ್ದ.

ಯಾಕೆಂದರೆ ಆ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ಡ್ರೈವರ್ ಸೀಟಿನಲ್ಲಿ ಕೂತು ಸ್ವಿಚ್ಚು ಒತ್ತಬೇಕು, ಇನ್ನೊಬ್ಬರು ಬಾನೆಟ್ ಎತ್ತಿ ಒಳಗೆ ನೋಡಬೇಕು. ಬಾನೆಟ್ ಎತ್ತಿದ ಮೇಲೆ ಒಬ್ಬರ ಮುಖ ಇನ್ನೊಬ್ಬರಿಗೆ ಕಾಣುವುದಿಲ್ಲ. ಹೊರಗಿನವರು "ಹಾಕು" ಅನ್ನಬೇಕು, ಒಳಗಿನವರು ಒತ್ತಿ "ಹಾಕೀನಿ" ಅನ್ನಬೇಕು. "ತಗಿ" ಅಂದರೆ "ತಗದೀನಿ". ಆ ಸೀಟು ನನ್ನದು. ಕಾಲು ಪೆಡಲಿಗೆ ಮುಟ್ಟುತ್ತಿರಲಿಲ್ಲ, ಸ್ಟೇರಿಂಗಿನ ಮೇಲೆ ತಲೆ ಕಾಣುತ್ತಿರಲಿಲ್ಲ. ಆದರೂ ಊರಿನ ದೊಡ್ಡ ದೊಡ್ಡ ಕಾರುಗಳಲ್ಲಿ, ಅವುಗಳ ಮಾಲೀಕರೇ ಕೂರದ ಸೀಟಿನಲ್ಲಿ, ನಾನು ಕೂತಿದ್ದೇನೆ. ಹೊಸ ಸೀಟಿನ ಪ್ಲಾಸ್ಟಿಕ್ ಹೊದಿಕೆ ತೊಡೆಗೆ ಅಂಟುತ್ತಿತ್ತು. ಅಪ್ಪ ಹೊರಗಿನಿಂದ ಹಾಕು ಅಂದಾಗಲೆಲ್ಲ ಇಡೀ ಗಾಡಿ ನನ್ನ ಬೆರಳಿಗೆ ಕಾದು ನಿಂತಿದೆ ಅನಿಸುತ್ತಿತ್ತು.

ರಿಲೇಯ ವಿಷಯ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಅದೊಂದು ಬೆಂಕಿಪೊಟ್ಟಣದಷ್ಟಿರುವ ಕಪ್ಪು ಡಬ್ಬಿ. ಸ್ವಿಚ್ಚು ಒತ್ತಿದರೆ ಅದರೊಳಗಿನ ಸಣ್ಣ ನಾಲಗೆ ಟಿಕ್ ಎಂದು ಅಂಟಿಕೊಂಡು ದೀಪಕ್ಕೆ ಕರೆಂಟು ಬಿಡುತ್ತದೆ. ದೀಪ ಹತ್ತದಿದ್ದರೂ ಟಿಕ್ ಕೇಳಿಸಿತು ಎಂದರೆ ಸ್ವಿಚ್ಚಿನಿಂದ ರಿಲೇವರೆಗೆ ದಾರಿ ಸರಿಯಿದೆ, ತೊಂದರೆ ಅದರಾಚೆ. ಕೇಳಿಸಲಿಲ್ಲ ಎಂದರೆ ತೊಂದರೆ ಈಚೆ. ಗಾಡಿ ಕೊಂಡ ಮೇಲೆ ಹೊರಗೆ ಹಾಕಿಸಿದ ದೀಪಗಳದ್ದು ಇನ್ನೊಂದು ಪೇಚು. ಅವುಗಳ ರಿಲೇಯನ್ನು ಹಾಕಿದವನು ತನಗೆ ತೋಚಿದ ಸಂದಿಯಲ್ಲಿ ತುರುಕಿರುತ್ತಾನೆ. ಎಲ್ಲಿದೆ ಎಂದು ಕಣ್ಣಿಂದ ಹುಡುಕಿದರೆ ಸಿಗುವುದಿಲ್ಲ. ಸ್ವಿಚ್ಚು ಒತ್ತಿಸುತ್ತ ಕಿವಿಯಿಂದ ಹುಡುಕಬೇಕು.

ಆ ಬೇಸಿಗೆಯಲ್ಲಿ ರೇಣು ಬಂದಳು. ಅಪ್ಪನ ತಮ್ಮನ ಮಗಳು, ನನಗಿಂತ ಒಂದು ವರ್ಷ ಚಿಕ್ಕವಳು. ಚಿಗಪ್ಪ ಸಂಡೂರಿನ ಗುಡ್ಡದಲ್ಲಿ ಗಣಿಯೊಂದರ ಡ್ರಿಲ್ಲಿಂಗ್ ಯಂತ್ರದ ಮೇಲೆ ಕೆಲಸಕ್ಕಿದ್ದ. ಚಿಗವ್ವ ಬಾಣಂತಿ, ಮನೆಯಲ್ಲಿ ನೋಡಿಕೊಳ್ಳುವವರಿಲ್ಲ ಎಂದು ರೇಣುವನ್ನು ರಜೆಗೆ ನಮ್ಮಲ್ಲಿ ಬಿಟ್ಟು ಹೋದರು. ಅವಳ ದನಿ ನಿಮಗೆ ಹೇಗೆ ಹೇಳಲಿ. ಪಕ್ಕದಲ್ಲಿ ಕೂತವರಿಗೆ ನೀರು ಕೇಳಿದರೆ ಓಣಿಯ ಕೊನೆಯ ಮನೆಯವರು ಚೊಂಬು ಹಿಡಿದು ಬರಬೇಕು. "ಗಂಟಲೇನ ಇದು, ಬಾರಿಸೋ ಹಲಗಿಯೇನ" ಎಂದು ಅವ್ವ ನಗುತ್ತಿದ್ದಳು. ನಾನು ಅದಕ್ಕೆ ವಿರುದ್ಧ. ಶಾಲೆಯಲ್ಲಿ ಹಾಜರಿ ಕೂಗುವಾಗ ನಾನು ಬಂದಿದ್ದೇನೆಂದು ಗೆಳತಿಯರು ಹೇಳಬೇಕಾಗುತ್ತಿತ್ತು.

ರೇಣು ಬಂದ ಕೆಲವೇ ದಿನಕ್ಕೆ ಗಣಿ ಮಾಲೀಕರೊಬ್ಬರ ಬಿಳಿ ಗಾಡಿ ಬಂತು. ಮುಂದೆ ಹಾಕಿಸಿದ್ದ ಎರಡು ದೊಡ್ಡ ದೀಪ ಹತ್ತುತ್ತಿಲ್ಲ. ಡ್ರೈವರ್ ನನ್ನನ್ನೂ ಹಿಂದಿನ ಸೀಟಿನಲ್ಲಿ ಇಣುಕುತ್ತಿದ್ದ ರೇಣುವನ್ನೂ ನೋಡಿ, "ಏನ್ ಮೇಸ್ತ್ರಿ, ಗ್ಯಾರೇಜ್ ಬಿಟ್ಟು ಹೆಣ್ಮಕ್ಕಳ ಸಾಲಿ ತಗದೀರೇನು?" ಎಂದ.

ಅಪ್ಪ ತಲೆ ಎತ್ತದೆ, "ಆತು ಆತು, ಜಲ್ದಿ ಮಾಡಿ ಕೊಡ್ತೀನಿ" ಎಂದ. ಡ್ರೈವರ್ ನಕ್ಕ. ಅಪ್ಪ ಎಷ್ಟು ಜಾಣತನದಿಂದ ಮಾತು ಹಾರಿಸಿದ ಎಂದು ನನಗೆ ಹೆಮ್ಮೆಯಾಯಿತು.

ಕೆಲಸ ಶುರುವಾಯಿತು. ಹಾಕು, ಹಾಕೀನಿ. ತಗಿ, ತಗದೀನಿ. ಅಪ್ಪ ಬಾನೆಟ್ಟಿನೊಳಗೆ ಬಗ್ಗಿ ಅಲ್ಲಿ ಇಲ್ಲಿ ತಲೆ ಇಟ್ಟು ಕೇಳಿದ. ಕೊನೆಗೆ ರಿಲೇ ಸದ್ದೇ ಮಾಡುತ್ತಿಲ್ಲ, ಸ್ವಿಚ್ಚಿನ ಹಿಂದೆ ವೈರು ಕಡಿದಿರಬೇಕು ಎಂದು ತೀರ್ಮಾನಿಸಿ ಒಳಗೆ ಬಂದು ನನ್ನ ಮೊಣಕಾಲಿನ ಹತ್ತಿರದ ಹಲಗೆ ಬಿಚ್ಚತೊಡಗಿದ. ಆದರೆ ನನಗೆ ಕೇಳಿಸಿತ್ತು. ಸ್ವಿಚ್ಚು ಒತ್ತಿದಾಗಲೆಲ್ಲ ಎಡಗಡೆ, ಪಕ್ಕದ ಸೀಟಿನವರು ಕಾಲಿಡುವ ಕಡೆಯ ಮೂಲೆಯಿಂದ ಟಿಕ್ ಬರುತ್ತಿತ್ತು. "ಅಪ್ಪಾ, ಆಕಡಿ ಟಿಕ್ ಅಂತೈತಿ" ಎಂದೆ. ಅಪ್ಪ ಸ್ಕ್ರೂ ತಿರುಗಿಸುತ್ತಲೇ ಇದ್ದ. ಇನ್ನೊಮ್ಮೆ ಹೇಳಿದೆ. ಅವನು ಮುಂದಿನ ಸ್ಕ್ರೂಗೆ ಕೈ ಹಾಕಿದ. ಸಣ್ಣ ಹುಡುಗಿಯ ಮಾತು ಯಾಕೆ ಕೇಳಬೇಕು ಎಂದಿರಬಹುದು ಎಂದುಕೊಂಡೆ. ಹಲಗೆ ಬಿಚ್ಚಿ, ವೈರಿನ ಕಟ್ಟು ಹರಡಿ, ಒಂದೊಂದನ್ನೇ ಬಲ್ಬು ಹಚ್ಚಿ ನೋಡುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂತು. ಡ್ರೈವರ್ ಗಡಿಯಾರ ನೋಡಿಕೊಳ್ಳತೊಡಗಿದ.

ಆಗ ರೇಣು ಹಿಂದಿನ ಸೀಟಿನಿಂದ ಇಳಿದು ಸುತ್ತಿ ಬಂದು ಅಪ್ಪನ ಮುಖದ ಮುಂದೆ ನಿಂತಳು. "ದೊಡ್ಡಪ್ಪಾ, ಅಲ್ಲಿ ಟಿಕ್ ಅಂತೈತಿ ನೋಡ್ರಿ, ಆ ಕಾಲಿಡೋ ಮೂಲ್ಯಾಗ!"

ಅಪ್ಪ ಅವಳ ಮುಖ ನೋಡಿದ. "ಹೌದೇನು?"

ಮೂಲೆಯ ಹೊದಿಕೆ ಎಳೆದ. ರಿಲೇ ಅಲ್ಲಿತ್ತು. ಬೆರಳಿಟ್ಟು ನನಗೆ ಸ್ವಿಚ್ಚು ಒತ್ತಲು ಹೇಳಿದ. ಅವನ ಮುಖ ಅರಳಿತು. ಮುಂದಿನದು ಸಲೀಸು. ರಿಲೇ ಸರಿಯಿದೆ ಎಂದಾದರೆ ತೊಂದರೆ ಅದರಾಚೆ. ಬಂಪರಿನ ಹಿಂದೆ ದೀಪಗಳ ಅರ್ತಿಂಗ್ ವೈರು ಕಟ್ಟಿದ್ದ ಬೋಲ್ಟು ಅದಿರಿನ ಧೂಳು ನೀರು ಕುಡಿದು ತುಕ್ಕು ಹಿಡಿದಿತ್ತು. ಉಜ್ಜಿ ಬಿಗಿದದ್ದೇ ತಡ, ಎರಡೂ ದೀಪ ಹಗಲಲ್ಲೇ ಕಣ್ಣು ಕುಕ್ಕಿದವು.

"ನಮ್ಮ ರೇಣು ಹಿಡಿದ್ಲು" ಎಂದು ಅಪ್ಪ ಡ್ರೈವರಿಗೆ ಹೇಳಿದ. ಬಸಣ್ಣನಿಗೆ ಹೇಳಿ ಅವಳಿಗೆ ಎರಡು ಮಿರ್ಚಿ ಹೆಚ್ಚಿಗೆ ಹಾಕಿಸಿದ. ಸಂಜೆ ಅವ್ವನಿಗೆ ಹೇಳಿದ. ಬ್ಯಾಟರಿಗೆ ನೀರು ಹಾಕಿಸಲು ಬಂದ ಗುರುತಿಲ್ಲದ ಮನುಷ್ಯನಿಗೂ ಹೇಳಿದ. ಒಂದೊಂದು ಸಲ ಹೇಳಿದಾಗಲೂ ನನ್ನ ಎದೆಯಲ್ಲಿ ಹಸಿಮೆಣಸಿನಕಾಯಿ ತಿಕ್ಕಿದಂತಾಗುತ್ತಿತ್ತು. ಮೊದಲು ಹೇಳಿದ್ದು ನಾನು. ಸೀಟಿನಲ್ಲಿ ಕೂತಿದ್ದೂ ನಾನು.

ಮರುದಿನ ಗಾಡಿ ಬಂದಾಗ ಅಪ್ಪ ನನಗೆ ವೈರು ಸುಲಿಯಲು ಕೊಟ್ಟು, ರೇಣುವಿಗೆ ಸೀಟು ತೋರಿಸಿದ.

ಆಮೇಲಿನ ದಿನಗಳನ್ನು ನಾನು ಚಪ್ಪರದ ನೆರಳಿನಿಂದ ನೋಡಿದೆ. ಕೆಂಪು ವೈರು, ಹಸಿರು ವೈರು, ಬ್ಲೇಡು. "ಹಾಕು" ಎಂದು ಅಪ್ಪ. "ಹಾಕೀನ್ರೀ ದೊಡ್ಡಪ್ಪಾ" ಎಂದು ರಸ್ತೆಯ ಲಾರಿಯ ಸದ್ದನ್ನೂ ಮೀರಿ ಅವಳು. ಅಪ್ಪ ಹಳೆಯ ರಿಲೇಯೊಂದರ ಹೊದಿಕೆ ಕಿತ್ತು, ಎರಡು ವೈರು ಕಟ್ಟಿ ಬ್ಯಾಟರಿಗೆ ಮುಟ್ಟಿಸಿ ನಾಲಗೆ ಕುಣಿಯುವುದನ್ನು ತೋರಿಸಿ ಅವಳಿಗೆ ಆಟಕ್ಕೆ ಕೊಟ್ಟ. ಅಂಥದ್ದೊಂದು ಬೇಕೆಂದು ನನಗೆ ಎಷ್ಟು ದಿನದಿಂದ ಆಸೆಯಿತ್ತು. ಬಹುಶಃ ಕೇಳಿಯೂ ಇದ್ದೆ, ನನ್ನ ದನಿಯಲ್ಲಿ. ಅವಳು ಮಲಗುವಾಗಲೂ ಅದನ್ನು ದಿಂಬಿನ ಪಕ್ಕ ಇಟ್ಟುಕೊಳ್ಳುತ್ತಿದ್ದಳು. ಸುಮ್ಮನಿದ್ದ ಆ ಡಬ್ಬಿ ನನ್ನ ಕಿವಿಯಲ್ಲಿ ಟಿಕ್ಕೆನ್ನುತ್ತಿತ್ತು.

ಒಂದು ಮಧ್ಯಾಹ್ನ ಕಾಲುವೆಯ ದಂಡೆಯಲ್ಲಿ ನಾವಿಬ್ಬರೇ ಕುಂಟಬಿಲ್ಲೆ ಆಡುತ್ತಿದ್ದೆವು. ನನ್ನ ಕಾಲು ಗೆರೆ ಮುಟ್ಟಿತು. "ಮಂಜಿ ಔಟ್" ಎಂದು ಅವಳು ಕೂಗಿದ್ದು ಆಚೆ ದಂಡೆಯ ಬಾಳೆತೋಟದವರೆಗೂ ಹೋಯಿತು. ನಾನು ಬಿಲ್ಲೆಯನ್ನು ನೀರಿಗೆ ಎಸೆದೆ.

"ಆವತ್ತು ಮೊದಲು ನಾನ ಹೇಳಿದ್ದೆ" ಎಂದೆ. "ಟಿಕ್ ಅಂತೈತಿ ಅಂತ. ನೀ ಆಮ್ಯಾಲ ಹೇಳಿದ್ದು."

"ಗೊತ್ತೈತಿ, ನನಗ ಕೇಳಿಸ್ತು" ಎಂದಳು ರೇಣು, ಏನೂ ಜಗಳವಿಲ್ಲದೆ. "ದೊಡ್ಡಪ್ಪಗ ಕೇಳಿಸಲಿಲ್ಲ."

"ಯಾಕ ಕೇಳಿಸಲ್ಲ? ಮಗ್ಗಲದಾಗ ಇದ್ದ."

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. "ಅವ್ರಿಗೆ ಕಿವಿ ಮಂದ ಅದಾವಲ್ಲ, ನಮ್ಮಪ್ಪಗ ಇದ್ದಂಗ. ನಿನಗ ಗೊತ್ತಿಲ್ಲೇನು?"

ಅವಳೇ ಬಿಡಿಸಿ ಹೇಳಿದಳು. ಅವರ ಕಡೆ ಯಂತ್ರದ ಮೇಲಿರುವ ಗಂಡಸರೆಲ್ಲ ಹಾಗೆಯೇ ಅಂತೆ. ಹೆಂಡಿರು ಮಕ್ಕಳು ಕೂಗಿಯೇ ಮಾತಾಡುವುದು. ಹೊಸಬರು ಬಂದರೆ ಮನೆಮನೆಯಲ್ಲೂ ಜಗಳ ಎಂದುಕೊಳ್ಳುತ್ತಾರಂತೆ. ಕಿವಿ ಮಂದವಾದವರು ಬಾಯಿ ನೋಡಿ ಮಾತು ಹಿಡಿಯುತ್ತಾರೆ, ತಿಳಿಯದಿದ್ದರೆ ಆತು ಆತು ಎನ್ನುತ್ತಾರೆ, ಅದಕ್ಕೇ ಅವರ ಮುಂದೆ ಬಂದು ನಿಂತು ಹೇಳಬೇಕು. ದೊಡ್ಡಪ್ಪನೂ ಹಾಗೇ ಮಾಡುವುದನ್ನು ಬಂದ ದಿನವೇ ನೋಡಿದೆ ಎಂದಳು.

"ಅಪ್ಪ ನಿನಗ ಹೇಳಿದ್ನೇನು?"

"ಅವ್ರ್ಯಾಕ ಹೇಳ್ತಾರ. ನೋಡಿದ್ರ ತಿಳಿತೈತಿ." ಆಮೇಲೆ ಅವಳು ಮೊದಲ ಸಲ ದನಿ ತಗ್ಗಿಸಿದಳು. "ಯಾರ ಮುಂದೂ ಅನಬ್ಯಾಡ ಲೇ. ಕಿವಿ ಕೇಳದ ಮೇಸ್ತ್ರಿ ಅಂದ್ರ ಯಾರು ಗಾಡಿ ತರ್ತಾರ?"

ನನಗೆ ಅಪ್ಪನ ಬಗ್ಗೆ ಮರುಕ ಹುಟ್ಟಬೇಕಿತ್ತು. ಹುಟ್ಟಿತು, ಆದರೆ ಆಮೇಲೆ. ಮೊದಲು ಬಂದದ್ದು ಹೊಟ್ಟೆಕಿಚ್ಚೇ, ಮುಂಚಿನದಕ್ಕಿಂತ ದೊಡ್ಡದು. ಸೀಟು ಹೋಗಿದ್ದು, ರಿಲೇ ಹೋಗಿದ್ದು ಏನೂ ಅಲ್ಲ. ಹುಟ್ಟಿದಾಗಿನಿಂದ ಒಂದೇ ಸೂರಿನಡಿ ಇದ್ದ ನನಗೆ ಕಾಣದ್ದು ಬಂದ ದಿನವೇ ಅವಳಿಗೆ ಕಂಡಿತ್ತು. ನನ್ನ ಅಪ್ಪನನ್ನು ಅವಳು ನನಗಿಂತ ಚೆನ್ನಾಗಿ ಬಲ್ಲಳು.

ಆ ಸಂಜೆ ಅಪ್ಪ ಕಟ್ಟೆಯ ಮೇಲೆ ಕೂತು ಕೈಯ ಮಸಿ ತೊಳೆಯುತ್ತಿದ್ದಾಗ ಹಿಂದೆ ನಿಂತು ಅಪ್ಪಾ ಎಂದೆ. ಇನ್ನೊಮ್ಮೆ ಅಂದೆ. ಅವನು ಉಗುರಿನ ಸಂದಿ ಉಜ್ಜುತ್ತಲೇ ಇದ್ದ. ಒಳಗಿನಿಂದ ಅವ್ವ ಊಟಕ್ಕೆ ಏಳಿರೆಂದು ಕೂಗಿದಳು. ಅವನು ತಟ್ಟನೆ ಎದ್ದ. ಅವ್ವನ ಆ ಕೂಗನ್ನು ನಾನು ಅಷ್ಟು ದಿನ ಅವಳ ಸಿಟ್ಟು ಎಂದುಕೊಂಡಿದ್ದೆ. ಅಂದರೆ ಅವ್ವನಿಗೂ ಗೊತ್ತು. ಮನೆಯಲ್ಲಿ ಗೊತ್ತಿಲ್ಲದವಳು ಸಣ್ಣ ದನಿಯ ನಾನೊಬ್ಬಳೇ.

ರಜೆ ಮುಗಿಯುವ ಮೊದಲೇ ಚಿಗಪ್ಪ ಬಂದು ರೇಣುವನ್ನು ಕರೆದುಕೊಂಡು ಹೋದ. ಬಸ್ ನಿಲ್ದಾಣದಲ್ಲಿ ಅಣ್ಣತಮ್ಮ ಇಬ್ಬರೂ ಒಬ್ಬರಿಗೊಬ್ಬರು ಕೂಗಿ ಮಾತಾಡಿದ್ದನ್ನು ಜನ ತಿರುಗಿ ನೋಡಿದರು. ರಿಲೇ ಅವಳ ಚೀಲದಲ್ಲೇ ಹೋಯಿತು. ಸೀಟು ನನಗೆ ಬಂತು, ಬೇರೆ ಯಾರೂ ಇಲ್ಲದ್ದಕ್ಕೆ ಬಂದಂತೆ.

ಮರುದಿನ ಅದೇ ಬಿಳಿ ಗಾಡಿ ಬಂತು, ಈ ಸಲ ಹಾರ್ನು ಕೆಟ್ಟು. ಅಪ್ಪ ಹಾಕು ಎಂದ. ಹಾಕೀನಿ ಎಂದೆ. "ಹಾಕಿದೇನು?" ಎಂದ. ಗಂಟಲು ಹರಿಯುವಂತೆ ಕೂಗಲು ನೋಡಿದೆ. ದನಿ ಒಡೆದು ಕೀರಲಾಯಿತು. "ಏ, ಆ ಮೈಕ್ ಹುಡುಗಿ ಎಲ್ಲಿ ಹೋದ್ಲು ಮೇಸ್ತ್ರಿ?" ಎಂದು ಡ್ರೈವರ್ ನಕ್ಕ. ಸೀಟಿನ ತುದಿಗೆ ಜಾರಿ, ಇದ್ದ ಸಿಟ್ಟನ್ನೆಲ್ಲ ಕೂಡಿಸಿ ಹಿಮ್ಮಡಿಯಿಂದ ಗಾಡಿಯ ನೆಲಕ್ಕೆ ಗುದ್ದಿದೆ.

"ಹಾಂ, ಹಾಕಿದೆ" ಎಂದ ಅಪ್ಪ.

ಬಾನೆಟ್ಟಿನ ಸಂದಿಯಿಂದ ನೋಡಿದೆ. ಅವನ ಎಡಗೈ ಮಡ್‌ಗಾರ್ಡಿನ ಮೇಲೆ ಊರಿತ್ತು. ನೆಲದ ತಗಡಿನಿಂದ ಆ ಗುದ್ದು ಅವನ ಅಂಗೈಗೆ ಹೋಗಿತ್ತು.

"ತಗಿ" ಎಂದ. ಎರಡು ಸಲ ಗುದ್ದಿದೆ. "ಹಾಂ."

ಅಲ್ಲಿಂದ ಮುಂದೆ ಅದೇ ನಮ್ಮ ಮಾತಾಯಿತು. ಒಂದು ಗುದ್ದು ಹಾಕಿದ್ದೇನೆ, ಎರಡು ಗುದ್ದು ತೆಗೆದಿದ್ದೇನೆ. ರಿಲೇಯ ಟಿಕ್ ಕೇಳಿಸಿದರೆ, ಅದು ಯಾವ ಕಡೆಯೋ ಆ ಕಡೆಯ ಬಾಗಿಲನ್ನು ತಟ್ಟುತ್ತಿದ್ದೆ. ಅಪ್ಪ ಆ ಕಡೆಗೇ ಬಂದು ಹುಡುಕುತ್ತಿದ್ದ. ಇದರ ಬಗ್ಗೆ ನಾವಿಬ್ಬರೂ ಒಂದು ಮಾತೂ ಆಡಲಿಲ್ಲ. ಕಿವಿ ಮಂದ ಎಂದು ಅವನೂ ಹೇಳಲಿಲ್ಲ, ನನಗೆ ಗೊತ್ತು ಎಂದು ನಾನೂ ಹೇಳಲಿಲ್ಲ. ಆದರೆ ಯಾವುದೇ ಗಾಡಿ ಬರಲಿ, ಬಾನೆಟ್ ಎತ್ತುವ ಮೊದಲು ಅಪ್ಪ ಡ್ರೈವರ್ ಸೀಟಿನ ಮುಂದಿನ ದಪ್ಪ ರಬ್ಬರ್ ಮ್ಯಾಟನ್ನು ಎಳೆದು ತೆಗೆದು ಚಪ್ಪರದ ಕಂಬಕ್ಕೆ ಒರಗಿಸಿಡತೊಡಗಿದ. ಮ್ಯಾಟು ಮಸಿಯಾಗದಿರಲಿ ಎಂದು ಎಷ್ಟು ಕಾಳಜಿ ಮಾಡುತ್ತಾನೆ ಎಂದು ಗಿರಾಕಿಗಳು ಮೆಚ್ಚಿಕೊಳ್ಳುತ್ತಿದ್ದರು.

ಅಷ್ಟಾದರೂ ನನ್ನ ಹೊಟ್ಟೆಕಿಚ್ಚು ಆರಲಿಲ್ಲ. ಎಷ್ಟೋ ಗಾಡಿಗಳ ತೊಂದರೆ ನನ್ನ ಗುದ್ದಿನಿಂದ ಸಿಕ್ಕಿದೆ. ಒಂದು ದಿನವೂ ಅಪ್ಪ ಬಸಣ್ಣನ ಹೋಟೆಲಿಗೆ ಹೋಗಿ, ನಮ್ಮ ಮಂಜಿ ಹಿಡಿದ್ಲು ಎನ್ನಲಿಲ್ಲ. ಎನ್ನಲು ಬರುವಂತಿರಲಿಲ್ಲ. ಹೇಗೆ ಹಿಡಿದಳು ಎಂದು ಯಾರಾದರೂ ಕೇಳಿದರೆ ಉಳಿದದ್ದೂ ಹೇಳಬೇಕಾಗುತ್ತಿತ್ತು. ರೇಣುವಿನ ಜಾಣತನ ಊರಿಗೆಲ್ಲ ಹೇಳುವಂಥದ್ದು, ನನ್ನದು ಮುಚ್ಚಿಡುವಂಥದ್ದು. ಮುಂದಿನ ಬೇಸಿಗೆಯಲ್ಲೂ ಹಳೆ ಗಿರಾಕಿಗಳು, ಆ ಶಾಣ್ಯಾ ಹುಡುಗಿ ಬಂದಿಲ್ಲೇನು ಎಂದು ನನ್ನ ಎದುರಿಗೇ ಕೇಳುತ್ತಿದ್ದರು. ನಾನು ಸ್ಟೇರಿಂಗ್ ಹಿಡಿದು ಕೂತಿರುತ್ತಿದ್ದೆ.

ಆಮೇಲೆ ಗಣಿಗಳು ನಿಂತವು, ಲಾರಿಗಳು ನಿಂತವು. ಮಳೆಯೊಂದು ಬಂದು ಬೇವಿನ ಮರಗಳು ಹಸಿರು ಎಂದು ತಿಳಿಯಿತು. ಅಪ್ಪನ ಕಿವಿಯ ವಿಷಯ ಬಚ್ಚಿಡಲಾರದಷ್ಟು ದೊಡ್ಡದಾಯಿತು, ಅಂಗಡಿ ಮುಚ್ಚಿತು. ನಾನು ಮದುವೆಯಾಗಿ ಕಂಪ್ಲಿಗೆ ಬಂದೆ. ಫೋನು ಮಾಡಿದರೆ ಅಪ್ಪ ಎರಡು ಸಲ ಹಾಂ ಹಾಂ ಎಂದು ಅವ್ವನ ಕೈಗೆ ಕೊಡುತ್ತಿದ್ದ. ಕುರೆಕುಪ್ಪದ ಗಂಡನ ಮನೆಯಿಂದ ರೇಣು ಮಾಡಿದರೆ ಮಾತ್ರ ಅರ್ಧ ತಾಸು ನಗುತ್ತ ಮಾತಾಡುತ್ತಿದ್ದನಂತೆ. ಅವ್ವ ಅದನ್ನು ಸಂತೋಷದಿಂದ ಹೇಳುತ್ತಿದ್ದಳು. ನಾನು ಸಂತೋಷದಿಂದ ಕೇಳುತ್ತಿರಲಿಲ್ಲ.

ಈಚೆಗೆ ನಮ್ಮ ಕಾರಿನ ದೀಪ ಕೆಟ್ಟಿತ್ತು. ಗ್ಯಾರೇಜಿನ ಹುಡುಗ ಸ್ಟೇರಿಂಗಿನ ಕೆಳಗೆ ಒಂದು ಯಂತ್ರ ಚುಚ್ಚಿದ. ಅದರ ಪರದೆಯ ಮೇಲೆ ತೊಂದರೆ ತಾನಾಗಿ ಬರೆದುಕೊಂಡು ಬಂತು. ನಾನು ಸೀಟಿನಲ್ಲೇ ಕೂತಿದ್ದೆ. "ಇಳೀರಿ ಮೇಡಂ, ಒಳಗ ಎಸಿಯಾಗ ಕುಂದ್ರಿ" ಎಂದ. ಹಾಕು ಎನ್ನುವವರು ಅಲ್ಲಿ ಯಾರೂ ಇರಲಿಲ್ಲ.

ಅಪ್ಪ ಹೋದದ್ದು ಈ ಆಷಾಢದಲ್ಲಿ. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂಡಿಸುತ್ತಾರೆ. ಜಮಖಾನ ಹಾಸಿ, ಅಪ್ಪನನ್ನು ಗೋಡೆಗೆ ಒರಗಿಸಿ ಕೂಡಿಸಿ, ಹಣೆಗೆ ವಿಭೂತಿ ಹಚ್ಚಿದ್ದರು. ಎಡಗೈ ತೊಡೆಯ ಮೇಲಿಂದ ಜಾರಿ ನೆಲಕ್ಕೆ ಊರಿತ್ತು. ಭಜನೆಯವರ ತಾಳದ ಸದ್ದಿಗೆ ಮನೆ ತುಂಬಿತ್ತು. ರೇಣು ಬಂದವಳೇ ದೊಡ್ಡಪ್ಪಾ ಎಂದು ಅವನ ಮುಖ ಹಿಡಿದುಕೊಂಡು ಅತ್ತಳು. ತಾಳವೂ ಭಜನೆಯೂ ಅವಳ ದನಿಯಲ್ಲಿ ಮುಳುಗಿದವು. "ಹೆತ್ತ ಮಗಳ ಕಣ್ಣಾಗ ಹನಿ ಇಲ್ಲ, ತಮ್ಮನ ಮಗಳ ಅಳು ನೋಡವ್ವ" ಎಂದು ಹಿಂದೆ ಯಾರೋ ಅಂದರು. ಆ ಮಾತಿಗೂ ನನಗೆ ಹೊಟ್ಟೆ ಉರಿಯಿತು. ಅವನಿಗೆ ಕೇಳಿಸುವುದೇ ಆಗಿದ್ದರೆ ಅವಳದು ಕೇಳಿಸುತ್ತಿತ್ತು.

ರೇಣುವನ್ನು ಹೆಂಗಸರು ಎಬ್ಬಿಸಿ ಒಳಗೆ ಕರೆದೊಯ್ದ ಮೇಲೆ ನಾನು ಹೋಗಿ ಅಪ್ಪನ ಎಡಕ್ಕೆ ಕೂತೆ. ಅವನ ಕೈಯ ಹತ್ತಿರ ಜಮಖಾನದ ಅಂಚನ್ನು ಹಿಂದಕ್ಕೆ ಮಡಚಿ, ಅಂಗೈಯನ್ನು ಬರಿಯ ನೆಲದ ಮೇಲೆ ಇಟ್ಟೆ. ಪಕ್ಕದಲ್ಲೇ ಹಿಮ್ಮಡಿಯಿಂದ ಒಂದು ಸಲ ಗುದ್ದಿದೆ, ಹಾಕೀನಿ ಎಂದು.

ಎರಡನೆಯದನ್ನು ಗುದ್ದಲಿಲ್ಲ.